ಹೊಳೆಯ ದಡದ ಬೀಡಾರ

ಇರಲು ಮನೆಯುಂಟು, ಒರಗಲು ಮಂಚವುಂಟು. ಹೀಗಿದ್ದೂ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಾಡಿಗೆ ಹೋಗಿ, ಬಟ್ಟೆಯ ಗೋಡೆಗಳ ನಡುವೆ ರಾತ್ರಿಯನ್ನು ಕಳೆಯಲು ಹೊರಡುವ ಗೃಹಸ್ಥನನ್ನು ನೋಡಿ ನೆರೆಹೊರೆಯವರು ನಕ್ಕರೆ ಅದು ಅವರ ತಪ್ಪೆಂದು ನಾವು ಹೇಳಲಾರೆವು. ಶೀತದೇಶಗಳವರಿಗೆ ಇದು ವಾಡಿಕೆಯ ಮಾತು. ಬೇಸಗೆ ಬಂತೆಂದರೆ ಅವರು ಪೈನ್ ಮರಗಳ ಕಾಡಿನಲ್ಲಿ ಯಾವುದಾದರೊಂದು ಸರೋವರದ ಅಂಚನ್ನು ಹುಡುಕಿಕೊಂಡು ಹೋಗಿ ಡೇರೆ ಹೊಡೆಯುತ್ತಾರೆ. ನಮ್ಮ ಮಂಡ್ಯದ ಸೀಮೆಯಲ್ಲಿ ಪೈನ್ ಕಾಡುಗಳೂ ಇಲ್ಲ, ಮಂಜು ಕರಗಿ ತುಂಬುವ ಸರೋವರಗಳೂ ಇಲ್ಲ. ಆದರೆ ಬಯಲಿನಲ್ಲಿ ಬೀಡುಬಿಡುವ ಸುಖವನ್ನು ನಾವು ಅವರಿಂದ ಕಲಿಯಬೇಕಾದುದೂ ಇಲ್ಲ. ಬೆಳದಿಂಗಳೂಟ ನಮ್ಮದು, ಕಾರ್ತಿಕದ ವನಭೋಜನ ನಮ್ಮದು; ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ, ಮೂರು ಕಲ್ಲು ಹೂಡಿ ಅಡಿಗೆ ಮಾಡಿ, ಗಾಡಿಯ ಕೆಳಗೇ ಹುಲ್ಲು ಹಾಸಿ ಮಲಗಿದವರು ನಮ್ಮ ಹಿರಿಯರೇ.

ಈ ಮಾತನ್ನು ನಮ್ಮ ತಾಯಿಯವರಿಗೆ ಹೇಳಿ ಒಪ್ಪಿಸಲು ನಮಗೆ ಎರಡು ದಿನ ಹಿಡಿಯಿತು. "ಮನೇಲಿ ಮಂಚ ಬಿಟ್ಟು ಅಲ್ಲಿ ಹೋಗಿ ಏನಪ್ಪಾ ಮಾಡ್ತೀರಿ?" ಎಂಬುದೇ ಅವರ ಪ್ರಶ್ನೆ. ಕಡೆಗೆ, ಬೀಡಾರವು ಮುತ್ತತ್ತಿಯ ಸಮೀಪದಲ್ಲಿಯೇ ಇದೆ, ರಾಯನ ದರ್ಶನವೂ ಆಗುತ್ತದೆ ಎಂದೆವು. ಕೂಡಲೆ ಅವರು ಕಂಬಳಿಗಳನ್ನು ಎಣಿಸತೊಡಗಿದರು.

ಮಂಡ್ಯದಿಂದ ಮಳವಳ್ಳಿಗೆ ನೇರವಾದ ದಾರಿಯಿದೆ. ಆದರೂ ನಾವು ಮದ್ದೂರನ್ನು ಬಳಸಿಕೊಂಡು ಹೋದುದಕ್ಕೆ ವಡೆಯ ಹೊರತು ಬೇರೆ ಕಾರಣವನ್ನು ಕಲ್ಪಿಸುವ ಗೋಜಿಗೆ ಹೋಗುವುದಿಲ್ಲ. ಮದ್ದೂರಿನಲ್ಲಿ ಸೇತುವೆಯ ಕೆಳಗೆ ಶಿಂಷೆಯನ್ನು ಮಕ್ಕಳಿಗೆ ತೋರಿಸಿ, ಈ ನೀರು ಶಿಂಷಾಪುರದಲ್ಲಿ ಧುಮುಕಿ ಕಾವೇರಿಯನ್ನು ಸೇರಿ ನಮ್ಮ ಡೇರೆಯ ಮುಂದೆಯೇ ಹಾಯುತ್ತದೆಂದು ಹೇಳಿದೆವು. ಅಲ್ಲಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿ, ಮಳವಳ್ಳಿಯಿಂದ ಹಲಗೂರು. ಹಲಗೂರಿನವರೆಗೆ ಕಬ್ಬು, ಬತ್ತ, ರಾಗಿ, ತೆಂಗು ಎಂಬ ನಮ್ಮ ನಿತ್ಯದ ಲೋಕವೇ. ಅದನ್ನು ದಾಟಿ ಮುತ್ತತ್ತಿಯ ಕಡೆಗೆ ತಿರುಗಿದ ಮೇಲೆ ಹೊಲಗಳು ವಿರಳವಾಗಿ, ಕುರುಚಲು ಕಾಡು ಕವಿದು, ದಾರಿ ಬಳುಕಿ ಇಳಿಯತೊಡಗುತ್ತದೆ. ಇದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ಸೀಮೆ. ಆನೆಗಳು ದಾರಿಯನ್ನು ಅಡ್ಡಹಾಯುವ ಸ್ಥಳವಾದುದರಿಂದ ಹೊತ್ತು ಮುಳುಗುವುದಕ್ಕೆ ಮೊದಲೇ ಹೊಳೆಯನ್ನು ಮುಟ್ಟತಕ್ಕದ್ದು.

ಮುತ್ತತ್ತಿಯ ಹೆಸರಿಗೆ ಒಂದು ಕಥೆಯುಂಟು. ಸೀತಾದೇವಿಯು ಇಲ್ಲಿ ಸ್ನಾನ ಮಾಡುವಾಗ ಮೂಗುತಿಯ ಮುತ್ತು ಹೊಳೆಯ ಪಾಲಾಯಿತಂತೆ. ಆಂಜನೇಯನು ತನ್ನ ಬಾಲದಿಂದ ನೀರನ್ನು ಕಲಕಿ ಅದನ್ನು ಎತ್ತಿಕೊಟ್ಟನಂತೆ. ಮುತ್ತೆತ್ತಿದವನು ಮುತ್ತೆತ್ತರಾಯನಾದನು. ಈ ಸುತ್ತಿನ ಮನೆಗಳಲ್ಲಿ ಮುತ್ತುರಾಜ, ಮುತ್ತಮ್ಮ ಎಂಬ ಹೆಸರುಗಳು ಹೆಚ್ಚಾಗಿರುವುದು ಇವನ ಕೃಪೆಯಿಂದಲೇ. ನಟ ರಾಜಕುಮಾರರಿಗೆ ತಂದೆತಾಯಿಗಳಿಟ್ಟ ಮುತ್ತುರಾಜ ಎಂಬ ಹೆಸರೂ ಈ ದೇವರದೇ. ಹರಕೆ ಹೊತ್ತವರು ಬಂಧುಬಳಗದೊಡನೆ ಬಂದು ದಡದಲ್ಲಿ ಒಲೆ ಹೂಡಿ, ಉಂಡು, ಉಣ್ಣಿಸಿ ಹೋಗುವುದು ಇಂದಿಗೂ ನಡೆದಿದೆ. ಅವರು ಬಿಟ್ಟುಹೋಗುವ ಎಲೆಯನ್ನು ಹೊಳೆ ಜೀರ್ಣಿಸಿಕೊಳ್ಳುತ್ತಿತ್ತು. ಈಗ ಬಿಟ್ಟುಹೋಗುವ ಪ್ಲಾಸ್ಟಿಕ್ಕನ್ನು ಅದು ಬಂಡೆಗಳ ಸಂದಿಗೆ ತುರುಕಿಟ್ಟು ನಮಗೇ ತೋರಿಸುತ್ತಿದೆ. ಇರಲಿ.

ಮುತ್ತತ್ತಿಯಿಂದ ಕೆಲವೇ ಮೈಲಿಗಳ ಮೇಲೆ ಭೀಮೇಶ್ವರಿ. ಅಭಯಾರಣ್ಯದೊಳಗೆ ಮನಸ್ಸು ಬಂದಲ್ಲಿ ಡೇರೆ ಹೊಡೆಯಲು ಅನುಮತಿಯಿಲ್ಲ. 1980ರಲ್ಲಿ ಆರಂಭವಾದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯವರು ಇಲ್ಲಿ ಬೀಡಾರವನ್ನು ನಡೆಸುತ್ತಾರೆ; ಮೊದಲೇ ತಿಳಿಸಿ ಜಾಗವನ್ನು ಗೊತ್ತುಮಾಡಿಕೊಂಡು ಹೋಗಬೇಕು. ಡೇರೆಗಳ ಮುಂದೆ ಹೊಳೆ, ಆಚೆಯ ದಡದಲ್ಲಿ ಬೆಟ್ಟ. ದಡದ ಉದ್ದಕ್ಕೂ ಹೊಳೆಮತ್ತಿಯ ಮರಗಳು. ಪೈನ್ ಮರದ ಸೊಬಗನ್ನು ನಾವು ಚಿತ್ರಗಳಲ್ಲಿ ಮಾತ್ರ ಕಂಡವರು. ಆದರೆ ಬೂದಿ ಬಳಿದಂತೆ ನುಣುಪಾದ ಮೈಯುಳ್ಳ, ಬೇರುಗಳನ್ನು ನೀರಿಗೇ ಚಾಚಿ ನಿಂತಿರುವ ಮುದಿ ಹೊಳೆಮತ್ತಿಯನ್ನು ನೋಡಿದವರು ಬೇರೆ ಮರಕ್ಕಾಗಿ ಹಂಬಲಿಸಲಾರರು. ಇದರ ಕೊಂಬೆಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲೊಂದು ವಾಸಿಸುತ್ತದೆ. ಕರ್ನಾಟಕದಲ್ಲಿ ಆ ಜಾತಿಯ ಅಳಿಲು ಕಾಣಸಿಗುವ ಸ್ಥಳಗಳು ಬಹಳ ಕಡಮೆ. ನಮಗೆ ಅದರ ಬಾಲ ಮಾತ್ರ ಕಂಡಿತು.

ಕಪಿಗಳು ಮಾತ್ರ ಪೂರ್ಣವಾಗಿ ಕಂಡವು. ಡೇರೆಯ ಬಾಗಿಲನ್ನು ಬಿಗಿಯದೆ ಬಿಡಬಾರದೆಂದು ಬೀಡಾರದವರು ಎಚ್ಚರಿಸಿದ್ದರು. ನಾವು ಬಿಗಿದೂ ಇದ್ದೆವು. ಆದರೆ ಮದ್ದೂರಿನ ವಡೆಯ ಪೊಟ್ಟಣ ನಮ್ಮ ಕಿರಿಯ ಮಗನ ಕೈಯಲ್ಲೇ ಇತ್ತು. ಅದನ್ನು ಕಸಿದುಕೊಂಡ ಕಪಿಯು ಕೊಂಬೆಯ ಮೇಲೆ ಕುಳಿತು, ಅವಸರವಿಲ್ಲದೆ, ಒಂದೊಂದಾಗಿ ಮುರಿದು ತಿಂದಿತು. ನಮ್ಮ ತಾಯಿಯವರು, "ರಾಯನ ದಂಡು, ಅವರ ಪಾಲು ಅವರು ತಗೊಂಡ್ರು" ಎಂದು ಮೊಮ್ಮಗನನ್ನು ಸಮಾಧಾನಪಡಿಸಿದರು. ಅವನಿಗೆ ಈ ಸಿದ್ಧಾಂತ ಹಿಡಿಸಲಿಲ್ಲ.

ಮಂಡ್ಯದ ನಮಗೆ ಕಾವೇರಿ ಎಂದರೆ ಬಹುಮಟ್ಟಿಗೆ ನಾಲೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಅವಳು ಹೇಳಿದ ದಿನ ಬಂದು, ಹೇಳಿದಷ್ಟು ಹರಿದು, ತೂಬು ಇಳಿಸಿದೊಡನೆ ನಿಲ್ಲುವ ಸಾಧ್ವಿ. ಭೀಮೇಶ್ವರಿಯ ಕಾವೇರಿ ಬೇರೆ. ಬಂಡೆಗಳ ನಡುವೆ ಸೀಳಿ ಬಿಳಿಯಾಗಿ ಮೊರೆಯುತ್ತಾಳೆ, ಮರುಗಳಿಗೆಯಲ್ಲಿ ಮಡುವಾಗಿ ಹಸುರಾಗಿ ಮೌನವಾಗುತ್ತಾಳೆ. ಮೋಸವಿರುವುದು ಆ ಮೌನದಲ್ಲಿಯೇ. ಮೇಲೆ ಕನ್ನಡಿಯಂತಿರುವ ನೀರಿನ ಕೆಳಗೆ ಬಂಡೆಯಲ್ಲಿ ಕೊರೆದ ಗುಳಿಗಳಿವೆ, ಸುಳಿಗಳಿವೆ, ಕಾಲಿಟ್ಟೊಡನೆ ಕುಸಿಯುವ ಮರಳಿದೆ. ಇವುಗಳ ಜೊತೆಗೆ ಮೊಸಳೆಯೂ ಉಂಟು. ಮುತ್ತತ್ತಿಯ ಸುತ್ತಿನ ಮಡುಗಳಲ್ಲಿ ಈಜು ಬಲ್ಲ ತರುಣರೇ ಪ್ರಾಣ ಕಳೆದುಕೊಂಡ ವಾರ್ತೆಯನ್ನು ವಾಚಕರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿರಬಹುದು. ಎಚ್ಚರಿಕೆಯ ಹಲಗೆಗಳು ನೆಟ್ಟಿವೆ. ಅವುಗಳಿಗೆ ಬಟ್ಟೆ ತೂಗುಹಾಕಿ ನೀರಿಗಿಳಿಯುವವರನ್ನು ನಾವೇ ಕಂಡೆವು.

ಸಂಜೆ ನಮ್ಮನ್ನು ಹರಿಗೋಲಿನಲ್ಲಿ ಕರೆದುಕೊಂಡು ಹೋದವನು ಆ ಕಡೆಯ ಹಳ್ಳಿಯವನೇ ಆದ ಒಬ್ಬ ವಯಸ್ಸಾದ ಮನುಷ್ಯ. ಬಿದಿರಿನ ಬುಟ್ಟಿಗೆ ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಟಾರು ಬಳಿದ ಹಾಳೆಯನ್ನು ಹೊದಿಸುತ್ತಾರೆ; ಅಷ್ಟೇ ವ್ಯತ್ಯಾಸ. ದಡಕ್ಕೆ ಬಂದ ಮೇಲೆ ಮಕ್ಕಳು ಹತ್ತು ಮಾರು ದೂರದಲ್ಲಿದ್ದ ಒಂದು ಚಪ್ಪಟೆಯಾದ ಬಂಡೆಯ ಮೇಲೆ ಹೋಗಿ ಕೂರುತ್ತೇವೆಂದು ಹಟ ಹಿಡಿದರು. ಮೊಣಕಾಲುದ್ದದ ನೀರು, ಬಂಡೆ ಒಣಗಿ ಬೆಚ್ಚಗಿತ್ತು. ಆ ಮನುಷ್ಯ ಕೈ ಅಡ್ಡ ಹಿಡಿದನು. "ಬ್ಯಾಡಿ ಸ್ವಾಮಿ. ಇಲ್ಲಿ ಮಳೆ ಬರಬೇಕು ಅಂತೇನಿಲ್ಲ, ಮ್ಯಾಲೆ ನೀರು ಬುಟ್ರೆ ಸಾಕು" ಎಂದನು. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮಕ್ಕಳು ಮುಖ ಊದಿಸಿಕೊಂಡು ಡೇರೆಗೆ ಬಂದರು.

ಕತ್ತಲಾದ ಮೇಲೆ ಬೀಡಾರದ ದೀಪಗಳನ್ನು ಕಡಮೆ ಮಾಡಿದರು. ಜೇಬಿನಲ್ಲಿದ್ದ ದೂರವಾಣಿಗಳಿಗೆ ಸಂಪರ್ಕ ಸಿಗದೆ ಅವು ಬರಿಯ ಗಡಿಯಾರಗಳಾಗಿದ್ದವು. ಊಟವಾಗಿ, ಹೇಳಬೇಕಾದ ಕಥೆಗಳೆಲ್ಲ ಮುಗಿದು, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಕುಳಿತಾಗ ನಮ್ಮ ತಾಯಿಯವರು ತಾವಾಗಿ ಮಾತು ತೆಗೆದರು. ತಾವು ಎಂಟು ವರ್ಷದವರಾಗಿದ್ದಾಗ ಮಳವಳ್ಳಿಯ ಕಡೆಯಿಂದ ಎತ್ತಿನ ಗಾಡಿಯಲ್ಲಿ ಮುತ್ತತ್ತಿಗೆ ಬಂದುದು. ಕಾಡಿನ ದಾರಿಯಲ್ಲಿ ಗಂಡಸರು ಪಂಜು ಹಿಡಿದು ಮುಂದೆ ನಡೆದುದು. ಆನೆಯ ವಾಸನೆಗೆ ಎತ್ತುಗಳು ನಿಂತಲ್ಲೇ ನಿಂತುದು. ದಡದಲ್ಲಿ ಅವರ ಅಜ್ಜಿ ಮಗುವಿನ ಸೊಂಟಕ್ಕೆ ಸೀರೆಯ ಸೆರಗನ್ನು ಬಿಗಿದು ಇನ್ನೊಂದು ತುದಿಯನ್ನು ತಮ್ಮ ಕೈಗೆ ಸುತ್ತಿಕೊಂಡು ಮುಳುಗು ಹಾಕಿಸಿದುದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಸಂಗತಿಯನ್ನು ನಾವು ಕೇಳಿರಲಿಲ್ಲ. ಮನೆಯಲ್ಲಿ ಕೇಳಲು ಸಮಯವಿಲ್ಲವೆಂದಲ್ಲ, ಅಲ್ಲಿ ಕತ್ತಲೆಯಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಆ ಬಂಡೆ ಇರಲಿಲ್ಲ. ಅದು ಇದ್ದ ಸ್ಥಳದಲ್ಲಿ ನೀರು ಸ್ವಲ್ಪ ಉಬ್ಬಿ ಇಳಿಯುತ್ತಿತ್ತು, ಅಷ್ಟೇ. ರಾತ್ರಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ನಮ್ಮ ಮಕ್ಕಳು ಅದನ್ನು ಬಹಳ ಹೊತ್ತು ನೋಡುತ್ತ ನಿಂತರು, ನಾವೂ ನಿಂತೆವು.

ಸ್ವೇಚ್ಛೆಯಿಂದ ಹರಿಯುವಳೆಂದು ನಾವು ತಿಳಿದಿದ್ದ ಈ ಹೊಳೆಯ ಏರಿಳಿತ ಮೇಲಿನ ಬಾಗಿಲುಗಳ ಕೈಯಲ್ಲಿದೆ. 1911ರಿಂದ 1931ರವರೆಗೆ ಕಟ್ಟಿದ ಕನ್ನಂಬಾಡಿಯ ಕಟ್ಟೆ, ಕಬಿನಿಯ ಕಟ್ಟೆ, 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಯಂತ್ರಾಗಾರ, ಇವೆಲ್ಲವೂ ಮೇಲಿವೆ. ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ 1974ರ ಮೊದಲುಗೊಂಡು ಬೆಂಗಳೂರಿಗೆ ಕುಡಿಯುವ ನೀರು ಏರುತ್ತಿದೆ. ಅದರ ಐದನೆಯ ಹಂತ 2024ರಲ್ಲಿ ಪೂರ್ಣವಾಯಿತು. ಕೆಳಗಿನ ರಾಜ್ಯದ ಪಾಲು ಹೋಗುವುದೂ ಈ ದಡದ ಮುಂದೆಯೇ. ಗದ್ದೆಗೆ, ದೀಪಕ್ಕೆ, ನಲ್ಲಿಗೆ, ನೆರೆಯವರಿಗೆ ಎಂದು ಲೆಕ್ಕ ಹಾಕಿ ಉಳಿದ ನೀರು ಹೊಳೆ ಎನಿಸಿಕೊಂಡು ನಮ್ಮ ಡೇರೆಯ ಮುಂದೆ ಹರಿಯುತ್ತಿತ್ತು.

ಈ ಲೆಕ್ಕದಲ್ಲಿ ಸೇರದ ಒಂದು ಪ್ರಾಣಿಯ ವಿಷಯವನ್ನು ಹರಿಗೋಲಿನವನಿಂದಲೇ ಕೇಳಿದೆವು. ಆತನು ಯೌವನದಲ್ಲಿ ಗಾಳದ ದೊರೆಗಳಿಗೆ ಜೊತೆಗಾರನಾಗಿದ್ದವನು. ಮಹಶೀರ್ ಎಂದು ಹೊರಗಿನವರು ಕರೆಯುವ, ಇಲ್ಲಿಯವರು ಬಿಳಿಮೀನು ಎನ್ನುವ ಮೀನಿಗಾಗಿ ದೇಶಾಂತರಗಳಿಂದ ಜನ ಈ ಬೀಡಾರಕ್ಕೆ ಬರುತ್ತಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋಗ್ರಾಮು ತೂಗಿತ್ತು. ಭೀಮೇಶ್ವರಿಯಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವ ನಿಯಮವಿತ್ತು. ಅಭಯಾರಣ್ಯದಲ್ಲಿ ಬೇಟೆ ಕೂಡದೆಂಬ ಕಾನೂನಿನ ಪ್ರಕಾರ 2010ರ ನಂತರದ ವರ್ಷಗಳಲ್ಲಿ ಅದೂ ನಿಂತಿತು. ಗಾಳ ನಿಂತರೂ ಆ ದೊಡ್ಡ ಮೀನು ಮರಳಲಿಲ್ಲ. ಸಿಡಿಮದ್ದು ಹಾಕಿ ಮೀನು ಹಿಡಿಯುವವರ ಪಾಪ ಇದರಲ್ಲಿದೆ. ಸತ್ಸಂಕಲ್ಪದ ಪಾಲೂ ಇದೆ. ಮಹಾರಾಷ್ಟ್ರದ ಲೋಣಾವಳದಲ್ಲಿ ಸಾಕಿದ ನೀಲಿ ರೆಕ್ಕೆಯ ಬೇರೊಂದು ಮಹಶೀರ್ ಜಾತಿಯ ಮರಿಗಳನ್ನು, ಹೊಳೆಗೆ ಮೀನು ತುಂಬಲೆಂದು ಇಲ್ಲಿ ತಂದು ಬಿಟ್ಟರು. ಅವು ಹೆಚ್ಚಿದಂತೆ ಇಲ್ಲಿಯದೇ ಆದ ಕಿತ್ತಳೆ ರೆಕ್ಕೆಯ, ಗೂನುಬೆನ್ನಿನ ಮೀನು ಕಾಣದಾಗುತ್ತ ಬಂದಿತು. ಈ ಗೂನುಬೆನ್ನಿನದು ಇಂತಹದೇ ಜಾತಿಯೆಂದು ವಿಜ್ಞಾನಿಗಳು ನಿರ್ಣಯಿಸಿದುದು 2018ರಲ್ಲಿ. ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದುದೂ ಅದೇ ವರ್ಷ. "ಬೆನ್ನು ನೀರಿನ ಮ್ಯಾಲೆ ಕಂಡ್ರೆ ಬಂಡೆ ಅಂತ ಅನ್ಕೋಬೇಕು, ಅಷ್ಟು ದೊಡ್ದು" ಎಂದು ಆತನು ತನ್ನ ಎರಡು ತೋಳುಗಳನ್ನೂ ಚಾಚಿ ತೋರಿಸಿದನು. ಅವನ ಮೊಮ್ಮಗ ಅದನ್ನು ಕಂಡಿಲ್ಲವಂತೆ.

ದಡದ ಮಾತೂ ಹಾಗೆಯೇ ಇದೆ. ಕೆಳಗೆ ಮೇಕೆದಾಟುವಿನಲ್ಲಿ ಸುಮಾರು 67 ಟಿ.ಎಂ.ಸಿ. ನೀರನ್ನು ನಿಲ್ಲಿಸುವ ಅಣೆಕಟ್ಟಿನ ಯೋಜನೆ ಬಹುವರ್ಷಗಳಿಂದ ಚರ್ಚೆಯಲ್ಲಿದೆ. ಬೆಂಗಳೂರಿಗೆ ಕುಡಿಯುವ ನೀರು, ಜೊತೆಗೆ ವಿದ್ಯುತ್ತು. ಬೇಡವೆನ್ನಲು ಸುಲಭವಲ್ಲದ ಉದ್ದೇಶಗಳು. ನಮ್ಮ ಬಂಧುಗಳಲ್ಲಿ ಅರ್ಧ ಜನ ಬೆಂಗಳೂರಿನಲ್ಲಿದ್ದಾರೆ, ಬೇಸಗೆಯಲ್ಲಿ ನೀರಿನ ಗಾಡಿಗೆ ಹಣ ತೆತ್ತು ದಣಿದಿದ್ದಾರೆ. ಮುಳುಗಡೆಯಾಗುವ ನೆಲ ಸುಮಾರು 5,000 ಹೆಕ್ಟೇರು. ಅದರಲ್ಲಿ ಬಹುಭಾಗ ಕಾಡು. ಮುಳುಗುವ ಊರುಗಳ ಹೆಸರನ್ನು ಹೇಳುವಾಗ ಮುತ್ತತ್ತಿಯ ಹೆಸರೂ ಕೇಳಿಬರುತ್ತದೆ. ಈ ದಡದಲ್ಲಿ ಮಲಗಿ ಎದ್ದವರಿಗೆ ಆ ಲೆಕ್ಕವನ್ನು ಬರಿಯ ಅಂಕಿಗಳಲ್ಲಿ ಓದುವುದು ಕಷ್ಟ ಎಂದಷ್ಟೇ ನಾವು ಹೇಳಬಲ್ಲೆವು.

ಹಿಂತಿರುಗುವಾಗ ಮುತ್ತತ್ತಿಯ ಗುಡಿಯಲ್ಲಿ ಮಂಗಳಾರತಿಯಾಯಿತು. ಮೆಟ್ಟಿಲಿಳಿಯುತ್ತ ನಮ್ಮ ತಾಯಿಯವರು, "ಕಟ್ಟೆ ಕಟ್ಟಿದ್ರೆ ರಾಯ ಎಲ್ಲಿಗೆ ಹೋಗ್ತಾನೆ?" ಎಂದು ಕೇಳಿದರು. ಹೊಳೆಯೊಳಗಿಂದ ಮುತ್ತನ್ನೇ ಎತ್ತಿದವನಿಗೆ ನೀರಿನ ಭಯವೇನಮ್ಮಾ ಎಂದೆವು. ಅವರಿಗೆ ಈ ಉತ್ತರ ಸಾಲಲಿಲ್ಲ. ಹಲಗೂರು ಬರುವವರೆಗೂ ಮಾತನಾಡಲಿಲ್ಲ.

ಹೋಗಬೇಕೆನ್ನುವವರಿಗೆ ಕಾರ್ತಿಕದಿಂದ ಮಾಘದವರೆಗಿನ ಕಾಲ ಅನುಕೂಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಭಯಂಕರವಾಗಿರುತ್ತದೆ. ಕೈದೀಪ, ಕಂಬಳಿ, ಮುಚ್ಚಳವಿರುವ ಡಬ್ಬಿಗಳು, ಕಸವನ್ನು ಮರಳಿ ತರಲು ಒಂದು ಚೀಲ ಇವಿಷ್ಟು ಜೊತೆಗಿರಲಿ. ನೀರಿಗಿಳಿಯುವ ವಿಷಯದಲ್ಲಿ ಹರಿಗೋಲಿನವರ ಮಾತೇ ಕಡೆಯ ಮಾತು. ಬರುವ ಮಾಘದಲ್ಲಿ ನಾವು ಮತ್ತೆ ಹೋಗುವವರಿದ್ದೇವೆ. ನಮ್ಮ ತಾಯಿಯವರು ಈಗಾಗಲೇ ತಮಗೆ ಇನ್ನೊಂದು ಕಂಬಳಿಯೂ, ಕಪಿಗಳ ಪಾಲಿಗೆಂದು ಇನ್ನೊಂದು ಪೊಟ್ಟಣ ವಡೆಯೂ ಬೇಕೆಂದು ಹೇಳಿದ್ದಾರೆ. ಕಪಿಗಳಿಗೆ ಕಾಡಿನ ಹಣ್ಣೇ ಹಿತವೆಂದು ನಾವು ವಾದಿಸುತ್ತಿದ್ದೇವೆ.