ಬ್ರೇಕ್ ಹಿಡಿಯ ಟ್ರಾಂಬೋನ್

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತಾದಾಗ ಓದಿ.

ಟ್ರಾಂಬೋನನ್ನ ಎಲ್ಲರೂ ನೋಡಿರ್ತೀರಿ, ಹೆಸರು ಗೊತ್ತಿರಲ್ಲ ಅಷ್ಟೆ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಒಬ್ಬ ಉದ್ದನೆಯ ಹಿತ್ತಾಳೆ ಕೊಳವೆಯನ್ನ ಮುಂದಕ್ಕೂ ಹಿಂದಕ್ಕೂ ಜಾರಿಸ್ತಾ ಊದ್ತಾನಲ್ಲ, ಅದೇ. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಅದನ್ನ ಊದಿದವರು. ಈಗ ಅವರಿಗೆ 78. ವಾದ್ಯ ಅಟ್ಟದ ಮೇಲೆ ಗೋಣಿಚೀಲದಲ್ಲಿತ್ತು. ಹೋದ ತಿಂಗಳು ಅವರ ಮೊಮ್ಮಗ ಫೋನ್ ಮಾಡಿ, "ಚಿಕ್ಕಪ್ಪ, ತಾತನ ಪೀಪಿ ಕೇಳ್ಕೊಂಡು ಬೆಂಗಳೂರಿಂದ ಯಾರೋ ಬಂದಿದ್ರು, ನೀವೊಂದ್ಸಲ ಬರ್ಬೇಕು" ಅಂದ. ಭಾನುವಾರ ಹೋದೆ.

ಹುಣಸೆಹಣ್ಣು ಹಾಕಿ ಕಿಲುಬು ಉಜ್ಜಿದ ಮೇಲೆ ಬಾಯಿಯ ಹತ್ತಿರ ಇಂಗ್ಲಿಷ್ ಅಕ್ಷರ ಕಂಡವು: ಹಾಕ್ಸ್ ಅಂಡ್ ಸನ್, ಡೆನ್ಮನ್ ಸ್ಟ್ರೀಟ್, ಲಂಡನ್. ಈ ಕಂಪನಿ 1930ರಲ್ಲಿ ಬೂಸಿ ಕಂಪನಿ ಜೊತೆ ಸೇರಿ 'ಬೂಸಿ ಅಂಡ್ ಹಾಕ್ಸ್' ಆಯಿತು. ಬರೀ ಹಾಕ್ಸ್ ಹೆಸರಿದೆ ಅಂದ ಮೇಲೆ ಇದು ಅದಕ್ಕೂ ಮೊದಲಿನದು, ದೊಡ್ಡಪ್ಪನಿಗಿಂತ ಹಿರಿಯ. ಅವರು ಇದನ್ನ ಕೊಂಡಿದ್ದು ಎಪ್ಪತ್ತರ ದಶಕದಲ್ಲಿ, ಬೆಂಗಳೂರಿನ ದಂಡು ಪ್ರದೇಶದ ಹಳೇ ಸಾಮಾನಿನ ಅಂಗಡಿಯಲ್ಲಿ, 90 ರೂಪಾಯಿಗೆ. ಬ್ಯಾಂಡಿನ ಮಿಕ್ಕ ವಾದ್ಯಗಳು ಮೀರತ್‌ನ ಜಲೀ ಕೋಠಿಯಲ್ಲಿ ಮಾಡಿದವು.

ನನ್ನ ಕಣ್ಣು ಹೋಗಿದ್ದು ಲಂಡನ್ ಹೆಸರಿನ ಕಡೆಗಲ್ಲ. ಜಾರುವ ಕೊಳವೆಯ ಅಡ್ಡಪಟ್ಟಿಗೆ ಒಂದು ಸೈಕಲ್ ಬ್ರೇಕ್ ಹಿಡಿ ಬೆಸೆದಿತ್ತು! ಎಳೆದರೆ ಬಿಚ್ಚಿಕೊಳ್ಳುತ್ತೆ, ತಳ್ಳಿದರೆ ಮಡಚಿಕೊಳ್ಳುತ್ತೆ. ಅಷ್ಟು ವರ್ಷದ ಮೇಲೂ ಅದರ ಕೀಲು ಸಲೀಸಾಗಿ ಆಡ್ತಿತ್ತು.

ಟ್ರಾಂಬೋನಿನ ಕೊಳವೆಯನ್ನ ನಿಲ್ಲಿಸೋಕೆ 7 ಜಾಗ. ಒಂದನೆಯದು ಬಾಯಿ ಹತ್ತಿರ, ಏಳನೆಯದಕ್ಕೆ ಕೈ ಪೂರ್ತಿ ಚಾಚಬೇಕು. ದೊಡ್ಡಪ್ಪನ ಬಲಗೈ ಚಾಚಲ್ಲ. ಕಲ್ಲು ಕ್ವಾರಿಯಲ್ಲಿ ಬಿದ್ದು ಮೊಣಕೈ ಮುರಿದಿತ್ತು, ಕಟ್ಟು ಸರಿಯಾಗಿ ಕೂರಲಿಲ್ಲ. ಕ್ವಾರಿ ಮಾಲೀಕ ಒಂದು ವಾರದ ಕೂಲಿ ಕೊಟ್ಟು ಕೈ ತೊಳೆದುಕೊಂಡ. ಐದನೇ ಜಾಗದಿಂದ ಆಚೆಗೆ ಕೈ ಎಟುಕದೆ ದೊಡ್ಡಪ್ಪ ಬ್ಯಾಂಡ್ ಬಿಡಬೇಕಿತ್ತು. ಆಗ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕ್ತಿದ್ದ ಒಬ್ಬರು ಸಾಹೇಬರು ಎರಡು ದಿನ ಇವರನ್ನ ಎದುರಿಗೆ ಕೂರಿಸಿಕೊಂಡು, ಊದಿಸಿ, ತೋಳಿನ ಅಳತೆ ತಗೊಂಡು ಈ ಹಿಡಿ ಕೂರಿಸಿಕೊಟ್ಟರಂತೆ. ಹಿಡಿಯ ಒಳಬದಿಯಲ್ಲಿ ಸಣ್ಣದಾಗಿ ಒಂದು ಉರ್ದು ಅಕ್ಷರ ಕೊರೆದಿದೆ. ನಮ್ಮ ಕಚೇರಿಯಲ್ಲಿ ತಿದ್ದಿದ ಕಡೆ ಸಣ್ಣ ಸಹಿ ಇಲ್ಲದಿದ್ದರೆ ಫೈಲು ಮೇಲೆ ಹೋಗಲ್ಲ, ಅದು ನೆನಪಾಯ್ತು.

ಮನೆಗೆ ಬಂದು ಹುಡುಕಿದಾಗ ಇನ್ನೊಂದು ವಿಷಯ ಸಿಕ್ಕಿತು. ಇಂಗ್ಲೆಂಡಿನ ಬ್ಯಾಂಡುಗಳಲ್ಲಿ ಜಿ ಶ್ರುತಿಯ ಬಾಸ್ ಟ್ರಾಂಬೋನ್ ಅಂತ ಇತ್ತು. ಅದರ ಕೊಳವೆ ಎಷ್ಟು ಉದ್ದ ಅಂದ್ರೆ ನೆಟ್ಟಗಿರೋ ಕೈಗೂ ಕೊನೆಯ ಜಾಗ ಎಟುಕಲ್ಲ. ಅದಕ್ಕೆ ಕಾರ್ಖಾನೆಯವರೇ ಹೀಗೊಂದು ಕೀಲಿನ ಹಿಡಿ ಹಾಕ್ತಿದ್ದರು. ದೊಡ್ಡಪ್ಪ ಅದನ್ನ ಕಂಡವರಲ್ಲ. ಲಂಡನ್ನಿನಲ್ಲಿ ಮಾಡಿದ್ರೆ ಅದು ವಿನ್ಯಾಸ, ನಮ್ಮ ಪೇಟೆಯ ಬೀದಿಯಲ್ಲಿ ಮಾಡಿದ್ರೆ ಜುಗಾಡ್. ಆ ಪದ ಕೇಳಿದ್ರೇ ನನಗೆ ಮೈ ಉರಿಯುತ್ತೆ.

ಇನ್ನೂ ಒಂದು ತಿದ್ದುಪಡಿ ಇದೆ. ಹಿಂಬದಿಯ ಬಾಗಿದ ಕೊಳವೆಗೆ ಎರಡೂ ಕಡೆ ಒಂದೂವರೆ ಇಂಚಿನ ತುಂಡು ಸೇರಿಸಿದ್ದಾರೆ, ಹಿತ್ತಾಳೆ ಬಣ್ಣವೇ ಬೇರೆ. ಆ ಕಾಲದ ಇಂಗ್ಲಿಷ್ ಬ್ಯಾಂಡಿನ ಶ್ರುತಿ ಈಗಿನದಕ್ಕಿಂತ ಏರು. ಈಗ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನ, ಆಗ 452ರ ಆಸುಪಾಸು. ಕೊಳವೆ ಉದ್ದ ಮಾಡಿದ್ರೆ ಶ್ರುತಿ ಇಳಿಯುತ್ತೆ. ಇದನ್ನ ದೊಡ್ಡಪ್ಪ ಹೇಳಿದ್ದು ಹೀಗೆ: "ಕ್ಲಾರ್ನೆಟ್ಟು ಇದೂ ಕಚ್ಚಾಡ್ತಿದ್ವು ಕಣ್ಲಾ, ರಾಜಿ ಮಾಡಿಸ್ದೊ."

ಕೊಳವೆ ಸಲೀಸಾಗಿ ಜಾರಲಿ ಅಂತ ಪಾಂಡ್ಸ್ ಕೋಲ್ಡ್ ಕ್ರೀಂ ಹಚ್ಚಿ ನೀರು ಚಿಮುಕಿಸ್ತಿದ್ದರಂತೆ. ಮನೇಲಿ ಡಬ್ಬಿ ಯಾವಾಗಲೂ ಇರ್ತಿತ್ತು, ದೊಡ್ಡಮ್ಮನ ಮುಖಕ್ಕೆ ಮಾತ್ರ ಬಂದಿದ್ದಿಲ್ಲ.

ಬ್ಯಾಂಡ್ ಯಾಕೆ ಅಷ್ಟು ಮುಖ್ಯವಾಗಿತ್ತು ಅಂತ ಈಗಿನ ಹುಡುಗರಿಗೆ ಹೇಳಲೇಬೇಕು. ನಮ್ಮಜ್ಜ ಊರಿಗೆ ತಮಟೆ ಬಡಿತಿದ್ದವರು. ಹಬ್ಬಕ್ಕೆ, ಸಾವಿಗೆ, ಡಂಗುರಕ್ಕೆ. ಕರೆದಾಗ ಹೋಗಬೇಕು, ಕೊಟ್ಟಷ್ಟು ಅಕ್ಕಿ ತಗೋಬೇಕು, ಬರಲ್ಲ ಅನ್ನೋ ಹಾಗಿಲ್ಲ. ತಮಟೆಯಲ್ಲಿ ತಪ್ಪಿಲ್ಲ, ಬಿಟ್ಟಿ ಚಾಕರಿಯಲ್ಲಿ ತಪ್ಪು. ದೊಡ್ಡಪ್ಪನ ಕಾಲಕ್ಕೆ ಕೇರಿಯ ಎಂಟು ಜನ ಸೇರಿ ಬ್ಯಾಂಡ್ ಕಟ್ಟಿದರು. ಕೆಂಪು ಕೋಟು, ಟೋಪಿ, ಕಾಲಿಗೆ ಬೂಟು. ಅದೇ ಊರಿನವರು ಈಗ ಕೇರಿಗೆ ಬಂದು, ತಾರೀಖು ಕೇಳಿ, ಅಡ್ವಾನ್ಸ್ ಕೊಟ್ಟು ರಸೀದಿ ತಗೊಂಡು ಹೋಗಬೇಕಿತ್ತು. ಊಟ ಆಗಲೂ ಚೌಟ್ರಿಯ ಹಿಂದುಗಡೆಯೇ, ಕೊನೇ ಪಂಕ್ತಿ. ಅದು ಬದಲಾಗಲಿಲ್ಲ. ಆದರೆ "ಆವತ್ತು ಬುಕ್ ಆಗದೆ" ಅಂತ ಹೇಳೋ ಸುಖವನ್ನ ದೊಡ್ಡಪ್ಪ ಇವತ್ತಿಗೂ ಚಪ್ಪರಿಸ್ತಾರೆ.

ಬೆಂಗಳೂರಿನವರು ಮತ್ತೆ ಬಂದಾಗ ನಾನೂ ಇದ್ದೆ. ಸಭ್ಯ ಮನುಷ್ಯ, ಚಪ್ಪಲಿ ಬಿಟ್ಟು ಒಳಗೆ ಬಂದ, ಕೊಟ್ಟ ಟೀ ಕುಡಿದ. ಹೋಟೆಲ್ ಗೋಡೆಗೆ ಹಾಕೋಕೆ ಹಳೇ ವಾದ್ಯ ಕೊಳ್ಳುವುದು ಅವರ ವ್ಯಾಪಾರ. ಹೀಗೇ ಕೊಟ್ಟರೆ 15 ಸಾವಿರ, ಹಿಡಿ ಕಿತ್ತು, ತುಂಡು ತೆಗೆಸಿ, ಪಾಲಿಶ್ ಮಾಡಿಸಿ "ಒರಿಜಿನಲ್" ಮಾಡಿಕೊಟ್ಟರೆ 40 ಸಾವಿರ ಅಂದರು. "ಈ ಡ್ಯಾಮೇಜ್ ಇರೋದ್ರಿಂದ ರೇಟ್ ಬರ್ತಿಲ್ಲ ಸರ್."

ದೊಡ್ಡಪ್ಪ ಕೇಳಿದರು, "ಡ್ಯಾಮೇಜ್ ಆಗಿದ್ದು ನನ್ ಕೈ ಕಣಪ್ಪ. ಇದ್ಯಾಕೆ ಕೀಳ್ಬೇಕು?"

ಅವರ ಹತ್ತಿರ ಉತ್ತರ ಇರಲಿಲ್ಲ. ಕಾರ್ಡ್ ಕೊಟ್ಟು ಹೋದರು.

ಸಮಸ್ಯೆ ಅಲ್ಲಿಗೆ ಮುಗಿಯಲ್ಲ. ಮೊಮ್ಮಗನ ಡಿಪ್ಲೊಮಾ ಫೀಸು 32 ಸಾವಿರ ಬಾಕಿ ಇದೆ. "ತಾತಂಗೆ ತಗಡು ಮುಖ್ಯ, ನಾನಲ್ಲ" ಅಂತ ಹುಡುಗ ಎರಡು ದಿನ ಮಾತಾಡಿಲ್ಲ. ಅವನ ಸಿಟ್ಟು ನ್ಯಾಯವಾದದ್ದೇ. ನೆನಪು ಕಾಪಾಡಿ ಅಂತ ಬಡವರ ಮನೆಗೆ ಹೋಗಿ ಭಾಷಣ ಮಾಡೋದು ಸುಲಭ, ಫೀಸು ಕಟ್ಟೋರು ಯಾರು? ನಾನು ಕಚೇರಿಯ ಪತ್ತಿನ ಸಂಘದಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೇನೆ. ಅರ್ಧ ಅಲ್ಲಿಂದ ಬರಬಹುದು, ಮಿಕ್ಕಿದ್ದಕ್ಕೆ ಗೆಳೆಯರನ್ನ ಕೇಳ್ತಿದ್ದೇನೆ. ಆಗೋರು ಇನ್‌ಬಾಕ್ಸಿಗೆ ಬನ್ನಿ.

ಇನ್ನೊಂದು ಮಾತು. ನಿಮ್ಮ ಕೇರಿಗಳಲ್ಲೂ ಹಳೇ ಬ್ಯಾಂಡಿನವರು ಇದ್ದಾರೆ. ಅವರ ವಾದ್ಯ ಗುಜರಿಗೋ ಗೋಡೆಗೋ ಹೋಗೋ ಮುಂಚೆ ಒಮ್ಮೆ ಕೆಳಗಿಳಿಸಿ ನೋಡಿ. ಬೆಸುಗೆ ಹಾಕಿದ ಜಾಗಗಳ ಹತ್ತಿರದ ಫೋಟೊ ತೆಗೀರಿ. ಯಾರು ಹಾಕಿದ್ದು, ಯಾಕೆ ಹಾಕಿದ್ದು ಅಂತ ಊದಿದವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ. ದೊಡ್ಡಪ್ಪನದನ್ನ ನಾನು ಬರೆದುಕೊಂಡಿದ್ದೇನೆ, ಹನ್ನೊಂದು ಪುಟ ಆಗಿದೆ. ಬರೋ ಭಾನುವಾರ ಮತ್ತೆ ಹೋಗ್ತಿದ್ದೇನೆ. ಪಾಂಡ್ಸ್ ಡಬ್ಬಿ ತರೋಕೆ ಹೇಳಿದ್ದಾರೆ.