ವರ್ಷಾ ವರ್ಷದ ನೆನಪು

ಯಲ್ಲಾಪುರ ತಾಲೂಕಿನ ಕಿರವತ್ತಿಯ ಸುತ್ತಮುತ್ತ ಕಾಡಂಚಿನಲ್ಲಿ ಬದುಕುವ ಸಿದ್ದಿ ಮತ್ತು ಗೌಳಿ ಕುಟುಂಬಗಳ ಅರಣ್ಯ ಹಕ್ಕಿನ ಅರ್ಜಿಗಳಿಗಾಗಿ ಹಿರಿಯರ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸದಲ್ಲಿ ನಾನು ಕೆಲಕಾಲ ಜೊತೆಗಿದ್ದೆ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಇಂತಹ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಹೇಳುವವರು ಅರ್ಜಿದಾರರಾಗಿರಬಾರದು, ಅಷ್ಟೆ. ಕಾಗದಪತ್ರವಿಲ್ಲದ ಬಡವನಿಗೆ ನೆರೆಮನೆಯ ಅಜ್ಜಿಯ ನೆನಪು ಕೂಡ ದಾಖಲೆಯೇ.

ಆದರೆ ಆ ನೆನಪನ್ನು ಕೇಳುವ ಕ್ರಮ ನಮ್ಮಲ್ಲಿ ರೂಢಿಯಾಗಿಲ್ಲ. ಒಂದು ಸಭೆಯಲ್ಲಿ ಎಂಬತ್ತರ ಆಸುಪಾಸಿನ ಸಿದ್ದಿ ಅಜ್ಜಿಯೊಬ್ಬರು, "ಆ ಗದ್ದೆ ಅವರದ್ದೇ. ವರ್ಷಾ ವರ್ಷ ನಾಟಿಗೆ ನಾನೇ ಹೋಗ್ತಿದ್ದೆ" ಎಂದರು. "ಯಾವ ಇಸವಿಯಿಂದ? ಎಷ್ಟು ಸಲ?" ಎಂಬ ಪ್ರಶ್ನೆ ಬಂತು. ಅಜ್ಜಿ ಸುಮ್ಮನಾದರು. ಆ ಮೌನ ಅಲ್ಲಿದ್ದ ಕೆಲವರಿಗೆ ಸುಳ್ಳಿನ ಗುರುತಾಗಿ ಕಂಡಿತು.

ವಾಸ್ತವ ಬೇರೆ. ಒಮ್ಮೆ ನಡೆದದ್ದು ಮನಸ್ಸಿನಲ್ಲಿ ಬಿಡಿಯಾಗಿ ಉಳಿಯುತ್ತದೆ; ನಲವತ್ತು ಸಲ ನಡೆದದ್ದು ಒಂದರೊಳಗೊಂದು ಬೆರೆತುಹೋಗುತ್ತದೆ. ಕಳೆದ ಹತ್ತು ರಮಝಾನ್‌ಗಳಲ್ಲಿ ಯಾವ ವರ್ಷ ಯಾರ ಮನೆಯಲ್ಲಿ ಇಫ್ತಾರ್ ಮಾಡಿದೆವೆಂದು ನಾವು ಹೇಳಬಲ್ಲೆವೇ? ಹಾಗೆಂದು ಉಪವಾಸ ಹಿಡಿದದ್ದು ಸುಳ್ಳಾಗುತ್ತದೆಯೇ? ಅಮೆರಿಕದ ವಾಟರ್‌ಗೇಟ್ ಹಗರಣದಲ್ಲಿ ಜಾನ್ ಡೀನ್ ನೀಡಿದ ಸಾಕ್ಷ್ಯವನ್ನು ಅಧ್ಯಕ್ಷರ ಕಚೇರಿಯ ಧ್ವನಿಮುದ್ರಣಗಳೊಂದಿಗೆ ಹೋಲಿಸಿ, 1981ರಲ್ಲಿ ಮನಃಶಾಸ್ತ್ರಜ್ಞ ಉಲ್ರಿಕ್ ನೈಸರ್ ಇದನ್ನೇ ತೋರಿಸಿದರು. ಯಾವ ದಿನ ಯಾವ ಮಾತು ಎಂಬುದರಲ್ಲಿ ತಪ್ಪಿತ್ತು. ಮತ್ತೆ ಮತ್ತೆ ನಡೆದುದರ ತಿರುಳು ಸರಿಯಿತ್ತು.

1980ರ ದಶಕದಲ್ಲಿ ಫಿಶರ್ ಮತ್ತು ಗೈಸೆಲ್‌ಮನ್ ಎಂಬವರು ಸಾಕ್ಷಿಗಳನ್ನು ವಿಚಾರಿಸಲು ಒಂದು ವಿಧಾನ ರೂಪಿಸಿದರು. ಹೇಳುವವರ ನಡುವೆ ಬಾಯಿ ಹಾಕಬಾರದು, ಸ್ಥಳ-ಸನ್ನಿವೇಶವನ್ನು ಮನಸ್ಸಿಗೆ ತಂದುಕೊಳ್ಳಲು ಬಿಡಬೇಕು, ಊಹಿಸಿ ಹೇಳುವಂತೆ ಒತ್ತಾಯಿಸಬಾರದು. ಮರುಕಳಿಸುವ ಸಂಗತಿಯಾದರೆ, ಸಾಮಾನ್ಯವಾಗಿ ಏನು ನಡೆಯುತ್ತಿತ್ತೆಂದು ಮೊದಲು ಕೇಳಬೇಕು. ಆಮೇಲೆ ಮೊದಲ ಸಲ, ಕೊನೆಯ ಸಲ, ಎಂದಿನಂತೆ ಇರದ ಸಲ.

ಮರುದಿನ ಆ ಅಜ್ಜಿಯನ್ನು ಗದ್ದೆಯ ಬದುವಿಗೇ ಕರೆದೊಯ್ದು, ಅವರ ಮನೆಮಾತಿನಲ್ಲೇ ಕೇಳಿದೆವು: "ನಾಟಿ ಎಂದಿನ ಹಾಗೆ ಆಗದ ವರ್ಷ ಇತ್ತೇ ಅಜ್ಜಿ?" ಸಸಿ ಕೊಳೆತು ಎರಡು ಸಲ ನಟ್ಟ ವರ್ಷ ಬಂತು. ಮಗಳು ಹೊಟ್ಟೆಯಲ್ಲಿದ್ದ ವರ್ಷ ಬಂತು. "ಇಂದಿರಮ್ಮ ಸತ್ತ ಸುದ್ದಿ ಬಂದಾಗ ಇಲ್ಲೇ ಕೊಯ್ಲು ನಡೀತಿತ್ತು" ಎಂದರು. ಅವರಿಟ್ಟ ಹೆಸರುಗಳನ್ನೇ ಬರೆದುಕೊಂಡೆವು. ಅದು 1984 ಎಂದು ಲೆಕ್ಕ ಹಾಕುವುದು ನಮ್ಮ ಕೆಲಸ, ಅವರದಲ್ಲ.

2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಆ ಪಟ್ಟಿಯಲ್ಲಿಲ್ಲದ ಗೌಳಿಗಳು ಆ ದಿನಾಂಕಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ಅರಣ್ಯವಾಸ ತೋರಿಸಬೇಕು. 1930ನ್ನು ಕಣ್ಣಾರೆ ಕಂಡು ಹೇಳುವವರು ಈಗೆಲ್ಲಿದ್ದಾರೆ? ಇಲ್ಲಿ ಹದೀಸ್ ವಿದ್ವಾಂಸರ ಶಿಸ್ತು ನಮಗೆ ಪಾಠವಾಗಬೇಕು. ಕಂಡದ್ದು ಬೇರೆ, ಕೇಳಿದ್ದು ಬೇರೆ. ಕೇಳಿದ್ದಾದರೆ ಯಾರಿಂದ, ಅವರು ಯಾರಿಂದ ಎಂಬ ಸರಪಳಿಯನ್ನೂ ಬರೆಯಬೇಕು.

ತನ್ನವರಿಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂದು ಕುರ್‌ಆನ್ ಆದೇಶಿಸುತ್ತದೆ. ಸಾಕ್ಷ್ಯ ನುಡಿಯುವುದು ಅಷ್ಟು ದೊಡ್ಡ ಹೊಣೆಯಾದರೆ, ಆ ಸಾಕ್ಷ್ಯವನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವುದು ಸಣ್ಣ ಹೊಣೆಯಾಗಲಾರದು.