ಒಕ್ಕಣೆ

ನಮ್ಮ ಬೀದಿಯಲ್ಲಿ ಯಾರ ಮನೆಯ ಮದುವೆ, ಮುಂಜಿ, ಗೃಹಪ್ರವೇಶವಾದರೂ ಕಾರ್ಡಿನ ಒಕ್ಕಣೆ ಮೊದಲು ಬರುವುದು ನನ್ನ ಹತ್ತಿರ. ಒತ್ತು, ದೀರ್ಘ ಸರಿಯಿದೆಯೇ, ಹುಡುಗನ ಸೋದರಮಾವನ ಹೆಸರು ಬಿಟ್ಟುಹೋಗಿದೆಯೇ ಎಂದು ನೋಡಿಕೊಡುವುದು ನನ್ನ ಸಂಬಳವಿಲ್ಲದ ಉದ್ಯೋಗ. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬ ಮಾತು ನೂರಾರು ಸಲ ಕಣ್ಣಿಗೆ ಬಿದ್ದರೂ ನನಗೆ ಬೇಸರವಾಗಿಲ್ಲ. ಎಷ್ಟು ಜನ ಬರುತ್ತೀರಿ ಎಂದು ಕೇಳುವ ಪದ್ಧತಿಯೇ ನಮ್ಮಲ್ಲಿಲ್ಲ. ಕೇಳಬೇಕಾದವನು ಅಡುಗೆ ಭಟ್ಟ. ಅವನೂ ‘ಒಂದೈವತ್ತು ಎಲೆ ಜಾಸ್ತಿ ಹಿಡೀತೀನಿ ಬಿಡಿ’ ಎಂದು ಸುಮ್ಮನಾಗುತ್ತಾನೆ. ಇಷ್ಟು ಪಳಗಿದ ನಾನು ಮೊನ್ನೆ ಒಬ್ಬನೇ ಒಬ್ಬನನ್ನು ಕರೆಯಲು ಒಂದು ಪುಟ ಬರೆಯಲಾರದೆ ಮೂರು ದಿನ ಒದ್ದಾಡಿದೆ.

ಕರೆಯಬೇಕಾಗಿದ್ದವನು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿರುವ ನನ್ನ ಸ್ನೇಹಿತ. ನಿಘಂಟಿನ ಕಿಟೆಲ್ 1903ರಲ್ಲಿ ಕಣ್ಣು ಮುಚ್ಚಿದ ಊರು ಎಂದರೆ ಕನ್ನಡದವರಿಗೆ ಗುರುತು ಸಿಕ್ಕೀತು. ದಸರಾಕ್ಕೆ ಬರುತ್ತೇನೆ ಎಂದ. 2014ರಲ್ಲಿ ಶುರುವಾದ ಇ-ವೀಸಾ ಆಗಿದ್ದರೆ ಇಲ್ಲಿಯ ಒಬ್ಬರ ಹೆಸರು, ವಿಳಾಸ, ಫೋನ್ ನಂಬರು ತುಂಬಿ ಮುಗಿಸಬಹುದಿತ್ತು. ಈ ಮಹಾರಾಯನಿಗೆ ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾನೇ ಆಗಬೇಕು. ಅರ್ಜಿ ಹಾಕಲು ಹೋದರೆ, ಯಾರ ಮನೆಯಲ್ಲಿ ಇಳಿಯುತ್ತೀರೋ ಅವರ ಆಹ್ವಾನ ಪತ್ರ, ಗುರುತಿನ ಚೀಟಿ, ವಿಳಾಸದ ದಾಖಲೆ ತನ್ನಿ ಎಂದರಂತೆ.

ಪತ್ರ ಇಂಗ್ಲಿಷಿನಲ್ಲೇ ಹೋಗಬೇಕು, ನಿಜ. ಆದರೆ ಕನ್ನಡದಲ್ಲಿ ಕರೆಯದೆ ನನಗೆ ಕರೆದ ಹಾಗೇ ಆಗುವುದಿಲ್ಲ. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ತಿರುಗಿಸೋಣ ಎಂದು ಕೂತೆ. ‘ಮಾನ್ಯರೆ’ ಎಂದು ಬರೆದದ್ದೇ ತಡ, ಮುಂದಿನ ಸಾಲು ತನ್ನಷ್ಟಕ್ಕೆ ತಾನೇ ‘ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಆಗಿಬಿಟ್ಟಿತು. ಬೀದಿ ನಲ್ಲಿ ರಿಪೇರಿಗೆ ಕೊಟ್ಟ ಅರ್ಜಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಕರೆಯುವುದು ಅವನನ್ನು, ಬರೆಯುವುದು ಮುಖ ಕಾಣದ ಅಧಿಕಾರಿಗೆ. ಕುಂಕುಮ ಒಬ್ಬರಿಗೆ ಇಟ್ಟು ತಾಂಬೂಲ ಪಕ್ಕದವರ ಕೈಗೆ ಕೊಟ್ಟ ಹಾಗೆ.

ವಿಳಾಸದಲ್ಲೂ ತೊಡಕು. ದೇವರಾಜ ಮೊಹಲ್ಲಾ, ಮೈಸೂರು 570001 ಎಂದರೆ ಅಂಚೆಯವರಿಗೆ ಸಾಕು, ಮನೆ ಹುಡುಕಿ ಬರುವವನಿಗೆ ಸಾಲದು. ನಾವು ದಾರಿ ಹೇಳುವುದು ಚಿಕ್ಕ ಗಡಿಯಾರದಿಂದ. 1886ರಲ್ಲಿ ಲಾರ್ಡ್ ಡಫರಿನ್ ಬಂದ ನೆನಪಿಗೆ ಕಟ್ಟಿದ್ದಂತೆ. ಡಫರಿನ್ ಗಡಿಯಾರ ಎಂದರೆ ನಮ್ಮ ಆಟೋದವರು ಮುಖ ನೋಡುತ್ತಾರೆ. ಅಲ್ಲಿಂದ ಲ್ಯಾನ್ಸ್‌ಡೌನ್ ಕಟ್ಟಡ, ಅದರ ಒಂದು ಭಾಗ ಬಿದ್ದದ್ದು 2012ರಲ್ಲಿ. ಆಮೇಲೆ ದೇವರಾಜ ಮಾರುಕಟ್ಟೆ, ಅದರ ಒಂದು ಮಗ್ಗುಲು ಕುಸಿದದ್ದು 2016ರಲ್ಲಿ. ಹೀಗೆ ಬಿದ್ದದ್ದನ್ನೆಲ್ಲ ಹಿಡಿದುಕೊಂಡು ನಮ್ಮ ಮನೆಗೆ ಬರಬೇಕು ಎಂದು ಬರೆದರೆ ಯಾವ ಅಧಿಕಾರಿ ವೀಸಾ ಕೊಡುತ್ತಾನೆ?

ಬರಿಯ ವಿಳಾಸವೇ ಕರೆಯೋಲೆಯಾದದ್ದೂ ಈ ಊರಿನಲ್ಲೇ. 1964ರಲ್ಲಿ ಬೆಲ್ಜಿಯಮ್ಮಿನ ಆಂದ್ರೆ ವಾನ್ ಲೀಸೆಬೆತ್ ಎಂಬವರು ಬಂದು ಲಕ್ಷ್ಮೀಪುರದ ಪಟ್ಟಾಭಿ ಜೋಯಿಸರ ಹತ್ತಿರ ಎರಡು ತಿಂಗಳು ಆಸನ ಕಲಿತು ಹೋದರು. 1967ರಲ್ಲಿ ಅವರು ಫ್ರೆಂಚಿನಲ್ಲಿ ಬರೆದ ಪುಸ್ತಕದಲ್ಲಿ ಜೋಯಿಸರ ಹೆಸರಿನ ಜೊತೆ ಅವರ ವಿಳಾಸವೂ ಅಚ್ಚಾಯಿತು. ದಯಮಾಡಿ ಬನ್ನಿ ಎಂದು ಯಾರೂ ಬರೆದಿರಲಿಲ್ಲ. ಆದರೂ ಜನ ಅದೊಂದನ್ನೇ ನಂಬಿ ಸಮುದ್ರ ದಾಟಿ ಬರತೊಡಗಿದರು. ಅಂಥ ಒಕ್ಕಣೆ ನನ್ನ ಕೈಯಲ್ಲಿ ಆದೀತೇ!

ಮುಂದೆ, ‘ಸಂಬಂಧ’. ಸ್ನೇಹಿತ ಎಂದು ಬರೆದೆ. ಎಷ್ಟು ವರ್ಷದಿಂದ, ಹೇಗೆ ಪರಿಚಯ ಎಂದೂ ಬರೆಯಿರಿ ಎಂದು ತಿಳಿದವರು ಹೇಳಿದರು. 2006ರ ಒಂದು ಸಂಜೆ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತಿದ್ದೆ. ಆರಡಿ ದಾಟಿದ ಒಬ್ಬ ಬಿಳಿಯ, ಹೂವಾಡಗಿತ್ತಿ ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಗೆ ಎಳೆದು ಮೊಳ ಹಾಕುವುದನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಿದ್ದ. ದುಡ್ಡು ಕೊಡುವ ಹೊತ್ತಿಗೆ ಅಂಗಿಯ ತೋಳು ಮಡಿಸಿ ತನ್ನ ಕೈಯನ್ನೇ ಮುಂದೆ ಚಾಚಿದ, ಇದರಲ್ಲಿ ಅಳೆ ಎಂದು. ಆಕೆ ಒಂದು ಗಳಿಗೆ ಆ ಕೈಯ ಉದ್ದ ನೋಡಿ, ನನ್ನ ಕಡೆ ತಿರುಗಿ, ‘ಸ್ವಾಮಿ, ಈವಯ್ಯಂಗೆ ವಸಿ ಹೇಳಿ, ಕೈ ಉದ್ದ ಇದ್ರೆ ಕಾಸೂ ಉದ್ದ ಇರ್ಬೇಕು ಅಂತ’ ಎಂದಳು. ಹೇಳಿದೆ. ಅವನು ನಕ್ಕು ಎರಡು ಮೊಳದ ಕಾಸು ಕೊಟ್ಟು ತನ್ನ ಕೈಯಳತೆಯದು ಒಂದು ಮೊಳ ತೆಗೆದುಕೊಂಡ. ಅವನಿಗೆ ಮುಡಿಸಲು ಯಾರೂ ಇರಲಿಲ್ಲ. ಹೂವು ನಮ್ಮ ಮನೆಗೆ ಬಂತು, ಹಿಂದೆಯೇ ಅವನೂ ಬಂದ. ಇಷ್ಟೂ ಸೇರಿ ಪತ್ರದಲ್ಲಿ ಆದದ್ದು: ‘ಸ್ನೇಹಿತ, 2006ರಿಂದ ಪರಿಚಯ’.

ಬರುವ ತಾರೀಖು, ಹೊರಡುವ ತಾರೀಖು ಬರೆಯುವಾಗ ಅಮ್ಮ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು.

‘ಬರೋನನ್ನ ಯಾವಾಗ ಹೋಗ್ತೀಯ ಅಂತ ಕೇಳ್ತಾರೇನೋ? ಇನ್ನೂ ಚಪ್ಪಲೀನೇ ಬಿಟ್ಟಿಲ್ಲ.’

‘ನಾನಲ್ಲಮ್ಮ, ಸರ್ಕಾರ ಕೇಳತ್ತೆ.’

‘ಸರ್ಕಾರಕ್ಕೆ ನೆಂಟರಿಷ್ಟರು ಯಾರೂ ಇಲ್ವೇನೋ, ಪಾಪ.’

ಅವಳು ಹೇಳುವುದೂ ಸರಿಯೇ. ಜಂಬೂಸವಾರಿ ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗುವ ದಿನ ನಮ್ಮ ಮೊಹಲ್ಲಾದವರು ಯಾರನ್ನೂ ಕರೆಯಬೇಕಾಗಿಯೇ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಮಂಡ್ಯದ ಚಿಕ್ಕಪ್ಪ, ಅವರ ಬೀಗರು, ಬೀಗರ ಪಕ್ಕದ ಮನೆಯವರು, ಒಬ್ಬರ ಹಿಂದೊಬ್ಬರು. ಪರಿಚಯದವರ ಮಹಡಿ ಏರಿ ಆನೆ ನೋಡಿ, ಬಿಸಿಬೇಳೆ ಬಾತ್ ಉಂಡು, ‘ಇದ್ಯಾರ ಮನೆ?’ ಎಂದು ನನ್ನನ್ನೇ ಕೇಳಿದವರಿದ್ದಾರೆ. ಮಹಾರಾಜರ ಕಾಲದಲ್ಲಿ ಯುರೋಪಿನವರಿಗೆಂದೇ ಬೇರೆ ದಸರಾ ದರ್ಬಾರು ನಡೆಯುತ್ತಿತ್ತು. ಅದಕ್ಕೆ ಮಾತ್ರ ಕರೆಸಿಕೊಂಡವರೇ ಬರಬೇಕಿತ್ತು. ಈಗ ನಮ್ಮ ಮನೆಯಲ್ಲೂ ಹಾಗೇ ಆಯಿತಲ್ಲ.

ಸರ್ಕಾರವನ್ನು ಆಡಿಕೊಳ್ಳುವಾಗ ಇನ್ನೊಂದು ಕಾಗದ ನೆನಪಾಗಿ ಬಾಯಿ ಕಟ್ಟಿತು. 2019ರಲ್ಲಿ ನಾನು ಅವನ ಊರಿಗೆ ಹೋದಾಗ ಅವನೂ ನನಗಾಗಿ ಒಂದು ಬರೆದುಕೊಟ್ಟಿದ್ದ. ಅದು ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ. ವಿದೇಶಿಯರ ಕಚೇರಿಗೆ ಖುದ್ದಾಗಿ ಹೋಗಿ, ಸಂಬಳದ ಚೀಟಿ ತೋರಿಸಿ, 29 ಯೂರೋ ಕಟ್ಟಿ, ಅಧಿಕಾರಿಯ ಎದುರು ರುಜು ಹಾಕಬೇಕು. ಇವನ ಊಟ, ವಸತಿ, ಕಾಯಿಲೆ, ಕೊನೆಗೆ ವಾಪಸು ಕಳಿಸುವ ಖರ್ಚು ಬಂದರೆ ಅದೂ ನನ್ನದು ಎಂಬ ಮುಚ್ಚಳಿಕೆ ಅದು. ಐದು ವರ್ಷ ಅದರ ಹೊಣೆ. ನೀಲಿ ಮೊಹರಿನ ಆ ಹಾಳೆಯಲ್ಲಿ ‘ದಯವಿಟ್ಟು ಬಾ’ ಎಂಬ ಅರ್ಥದ ಒಂದು ಪದವೂ ಇರಲಿಲ್ಲ. ನನ್ನ ಚಿಕ್ಕಪ್ಪನ ಮಕ್ಕಳಲ್ಲಿ ನನಗಾಗಿ ಹೀಗೆ ರುಜು ಹಾಕುವವರು ಎಷ್ಟು ಜನ ಎಂದು ಎಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಪತ್ರಕ್ಕೆ ‘ಇಲ್ಲಿರುವಷ್ಟು ದಿನ ಎಲ್ಲ ಖರ್ಚೂ ನನ್ನದೇ’ ಎಂಬ ಸಾಲು ಸೇರಿಸಿದೆ. ಯಾರೂ ಕೇಳಿರಲಿಲ್ಲ.

ವಿಳಾಸದ ದಾಖಲೆಗೆ ಕರೆಂಟ್ ಬಿಲ್ಲು ತೆಗೆದರೆ ಅದಿನ್ನೂ ತಾತನ ಹೆಸರಿನಲ್ಲಿದೆ. ತಾತ ಹೋಗಿ ಮೂವತ್ತು ವರ್ಷವಾಯಿತು. ತಿಂಗಳು ತಿಂಗಳೂ ಬಿಲ್ಲು ಅವರಿಗೇ ಬರುತ್ತದೆ, ನಾವು ಕಟ್ಟುತ್ತೇವೆ, ಶ್ರಾದ್ಧದ ಹಾಗೆ. ದಾಖಲೆ ಪ್ರಕಾರ ಕರೆಯುತ್ತಿರುವವರು ತಾತನೇ ಎಂದು ಅಮ್ಮನಿಗೆ ಖುಷಿ. ನನ್ನ ಆಧಾರ್ ಲಗತ್ತಿಸಿದೆ. ಇನ್ನು ಅವನು ಬಂದಿಳಿದ 24 ಗಂಟೆಯೊಳಗೆ, ನಮ್ಮ ಮನೆಯಲ್ಲಿ ವಿದೇಶೀಯನೊಬ್ಬ ಇದ್ದಾನೆ ಎಂದು ಆನ್‌ಲೈನಿನಲ್ಲಿ ಫಾರಂ ತುಂಬಬೇಕು. ಲಾಡ್ಜಿನವರಂತೆ ಮನೆಯವರಿಗೂ ಅದು ತಪ್ಪಿದ್ದಲ್ಲ. ಅದಿರಲಿ, ಬಂದಾಗ ನೋಡಿಕೊಂಡರಾಯಿತು.

ಮೂರನೆಯ ದಿನ ಪತ್ರ ಅಚ್ಚಾಗಿ ರುಜುವೂ ಆಯಿತು. ದೇವರ ಮುಂದೆ ಇಟ್ಟು ಬಾ ಎಂದಳು ಅಮ್ಮ. ಇಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಹಾಳೆಯ ನಾಲ್ಕು ಮೂಲೆಗೂ ಅರಿಶಿನ ಹತ್ತಿತ್ತು.

‘ಇದು ಲಗ್ನಪತ್ರಿಕೆ ಅಲ್ಲಮ್ಮ!’

‘ಕರೀತಾ ಇದೀಯೋ ಇಲ್ವೋ?’

ಜೆರಾಕ್ಸ್ ಅಂಗಡಿಯ ಹುಡುಗ ಹಾಳೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದ. ಪರದೆಯ ಮೇಲೆ ನಾಲ್ಕು ಮೂಲೆಯಲ್ಲೂ ಬೂದಿ ಬಣ್ಣದ ಮಚ್ಚೆ ಮೂಡಿತು.

‘ಸಾರ್, ಕಲೆ ಬಂದಿದೆ. ಅಳಿಸ್ಲಾ?’

‘ಬೇಡ ಕಣಪ್ಪ,’ ಎಂದೆ. ‘ಕಲರಲ್ಲಿ ಮಾಡು.’